ಹಣೆಯ ಮೇಲೆ ನಿಲ್ಲದ ಕೆಂಪು

ಹಚ್ಚೊಳ್ಳಿಯ ಮದುವೆಯಲ್ಲಿ ಮದುಮಗಳ ಹಣೆಯ ಕುಂಕುಮ ಎಲ್ಲರ ಕಣ್ಣೆದುರೇ ಮಾಯವಾಯಿತು. ನಿಜವಾದ ಮದುಮಗಳದ್ದಲ್ಲ, ಪರದೆಯ ಮೇಲೆ ನಮ್ಮಣ್ಣ ಲೇಸರ್ ಬೆಳಕಿನಲ್ಲಿ ಬರೆಸಿದ ಮದುಮಗಳದ್ದು. ಹಸಿರು ಗೆರೆಯ ಮುಖ, ನೀಲಿ ಗೆರೆಯ ಸೆರಗು, ಹಣೆಯ ನಡುವೆ ಕೆಂಪು ಬೊಟ್ಟು. ಅರ್ಧ ಗಂಟೆ ನೆಟ್ಟಗಿದ್ದ ಬೊಟ್ಟು ಬರಬರುತ್ತ ಕಂದಿ, ಕೊನೆಗೆ ಹಣೆ ಬರಿದಾಯಿತು. ಉಣ್ಣುತ್ತ ಕೂತವರು ಕೈ ತಡೆದು ನೋಡಿದರಂತೆ. ಹೆಂಗಸರ ಸಾಲಿನಿಂದ ಒಂದು ದನಿ "ಯವ್ವಾ, ಕುಂಕುಮ ಹೋತು" ಅಂದಿತಂತೆ. ಅಣ್ಣ ಓಡಿಹೋಗಿ ವೈರು ಕಿತ್ತನಂತೆ.

ಮರುದಿನ ಬೆಳಗ್ಗೆ ನಾನು ಬಳ್ಳಾರಿಯಲ್ಲಿ, ಕಂಟೋನ್ಮೆಂಟಿನ ಬಾಡಿಗೆ ಮನೆಯಿಂದ ಶಾಲೆಗೆ ಹೊರಡುತ್ತಿದ್ದಾಗ ಅವನ ಫೋನು ಬಂತು.

"ತಂಗಿ, ಕೆಂಪು ಸತ್ತೈತಿ," ಅಂದ.

"ಹಸರು, ನೀಲಿ?"

"ಅವು ಗಟ್ಟಿ ಅದಾವ. ಕೆಂಪೊಂದ ಸತ್ತೈತಿ. ಇನ್ನ ಹದಿನೈದು ದಿನಕ್ಕ ಕುರುಗೋಡಿನ ಮದುವಿ ಐತಿ. ಅವರಿಗೆ ಹಚ್ಚೊಳ್ಳಿ ಸುದ್ದಿ ಆಗ್ಲೇ ಮುಟ್ಟೈತಿ. ಹುಡುಗಿ ಅಜ್ಜಿ ಹೇಳಿ ಕಳಿಸ್ಯಾಳ, ಕುಂಕುಮ ಹೋಗೂದಿದ್ರ ನಿಮ್ಮ ಲೈಟು ನಮ್ಮ ಮದುವ್ಯಾಗ ಬ್ಯಾಡ ಅಂತ."

"ನೀ ಏನಂದಿ?"

"ನಮ್ಮ ತಂಗಿ ಬಿಯೆಸ್ಸಿ ಓದ್ಯಾಳ, ಕೆಂಪಿನ ಹೊಸಾ ಪೀಸು ಆಕೀನ ನೋಡಿ ತರ್ತಾಳ, ಹೋಗೂದಿಲ್ಲ ಅಂದೆ."

ಆ ಮಾತು ಕೇಳಿ ಹೆಮ್ಮೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೆಮ್ಮೆಗಿಂತ ಮೊದಲು ಹೆದರಿಕೆಯಾಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿ ಬೆನ್ನು ಸವೆಸಿ ಹೋದರು. ಅಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಾಮಿಯಾನದವರ ಹತ್ತಿರ ಬೊಂಬು ಹೊತ್ತ. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿದ ಮೂರು ವರ್ಷವೂ ಅವ್ವ ನನ್ನ ಜೊತೆ ಒಂದು ಕೋಣೆ ಹಿಡಿದು, ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನಲ್ಲಿ ಮಿಷನ್ನಿಗೆ ಕೂತಳು. ಆ ಮೂರು ವರ್ಷ ಅವಳ ಬೆರಳ ತುದಿ ನೀಲಿಯಾಗಿಯೇ ಇತ್ತು. ರೊಟ್ಟಿ ತಟ್ಟಿದರೆ ರೊಟ್ಟಿಗೂ ನೀಲಿ ಹತ್ತುತ್ತಿತ್ತು. ಈಗ ನಾನು ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಣ್ಣ ಸಿರುಗುಪ್ಪದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮೈಕು, ಲೈಟಿಂಗು, ಲೇಸರ್ ಶೋಗಳ ಅಂಗಡಿ ಇಟ್ಟಿದ್ದಾನೆ. ಇಷ್ಟು ವರ್ಷದಲ್ಲಿ ಅವನು ನನ್ನ ಓದಿನಿಂದ ಏನನ್ನೂ ಬೇಡಿರಲಿಲ್ಲ. ಇದೇ ಮೊದಲು. ಕುರುಗೋಡಿನಲ್ಲಿ ಆ ಬೊಟ್ಟು ನಿಲ್ಲದಿದ್ದರೆ ಅವನನ್ನು ಮದುವೆಗೆ ಕರೆಯುವವರು ಸುತ್ತಲಿನ ಊರುಗಳಲ್ಲಿ ಉಳಿಯುವುದಿಲ್ಲ. ಕೆಂಪಿನ ಪೀಸು ನೋಡಿ ತಂದವಳು ಓದಿದ ತಂಗಿ ಎಂಬುದೂ ಎಲ್ಲರ ಬಾಯಲ್ಲಿರುತ್ತದೆ.

ನನಗೆ ಅನುಮಾನ ಜಾಸ್ತಿ. ಅದನ್ನು ಮುಚ್ಚಿಡುವುದಿಲ್ಲ. ಡಿಗ್ರಿಯ ಮೊದಲ ವರ್ಷ ಸ್ಕಾಲರ್‌ಶಿಪ್ ಅರ್ಜಿ ಕೊಡಲು ಹೋದಾಗ ಗುಮಾಸ್ತ ತಲೆ ಎತ್ತದೆ "ಟೈಮ್ ಮುಗಿದೈತಿ" ಅಂದಿದ್ದ. ಅವನ ಹಿಂದಿನ ಗೋಡೆಯಲ್ಲಿ ಇನ್ನೂ ಮೂರು ದಿನ ಇದೆ ಎಂಬ ನೋಟೀಸು ಅಂಟಿಸಿತ್ತು. ನಾನೇ ಅದನ್ನು ಗಟ್ಟಿಯಾಗಿ ಓದಿ ಕೇಳಿಸಿದೆ. ಆವತ್ತಿನಿಂದ ಕೌಂಟರಿನ ಆಚೆ ಕೂತವರ ಮಾತನ್ನು ಒಂದೇ ಸಲಕ್ಕೆ ನಂಬಿಲ್ಲ.

ಶನಿವಾರ ಮಧ್ಯಾಹ್ನ ಅಣ್ಣ ಬಳ್ಳಾರಿಗೆ ಬಂದ. ಲೈಟಿಂಗ್ ಸಾಮಾನು ಮಾರುವ ಆ ಅಂಗಡಿ ಒಂದು ಗಲ್ಲಿಯ ಮೊದಲ ಮಹಡಿಯಲ್ಲಿತ್ತು. ಚಿಕ್ಕ ಕೋಣೆ, ಕಿಟಕಿಗೆ ಕಪ್ಪು ಪರದೆ, ಎ.ಸಿ. ಎಷ್ಟು ಜೋರಿತ್ತೆಂದರೆ ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟದ್ದೇ ಮೈ ಜುಮ್ಮೆಂದಿತು. ಮಾಲೀಕನಿಗೆ ಐವತ್ತರ ಆಸುಪಾಸು. ಫೋನಿನಲ್ಲಿ ಯಾರೊಡನೆಯೋ ತೆಲುಗಿನಲ್ಲಿ ಜಗಳವಾಡುತ್ತಿದ್ದವನು ನಮ್ಮನ್ನು ಕಂಡು ದನಿ ಇಳಿಸಿದ. ನಮ್ಮನ್ನು ಕಂಡು ಯಾಕೆ ಇಳಿಸಬೇಕು ಎಂಬುದರಿಂದಲೇ ನನ್ನ ಅನುಮಾನ ಶುರುವಾಯಿತು.

"ಹಳೇ ಪೀಸು ತಂದೀರೇನು?" ಅಂದ.

"ಅದ್ಯಾಕ ಬಿಡ್ರಿ, ಸತ್ತೈತಿ. ಫೋಟೋ ಐತಿ," ಎಂದು ಅಣ್ಣ ಮೊಬೈಲು ಹಿಡಿದ.

"ತಂದಿದ್ರ ಒಂದ್ಸಲ ಕರೆಂಟ್ ಕೊಟ್ಟು ನೋಡ್ತಿದ್ದೆ."

ಹಳೆಯದನ್ನು ಇಟ್ಟುಕೊಂಡು ಅದರ ಬಿಡಿಭಾಗ ತೆಗೆಯುವ ಆಲೋಚನೆ ಇರಬೇಕು ಅಂದುಕೊಂಡೆ. ತಾರದೇ ಇದ್ದದ್ದು ಒಳ್ಳೆಯದೇ ಆಯಿತು ಎಂದೂ ಅಂದುಕೊಂಡೆ.

ಅವನು ಕಪಾಟಿನಿಂದ ಎರಡು ಪೀಸು ತೆಗೆದು ಗಾಜಿನ ಮೇಲೆ ಇಟ್ಟ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ತುಂಡುಗಳು, ಮೂತಿಯಲ್ಲಿ ಸಣ್ಣ ಮಸೂರ, ಬಾಲದಲ್ಲಿ ನಾಲ್ಕೈದು ವೈರು, ಮೈಮೇಲೆ ಅಂಕಿ ಬರೆದ ಸ್ಟಿಕರು. ಲೇಸರ್ ಮಾಡ್ಯೂಲ್ ಅಂದರೆ ಇಷ್ಟೇ. ಪ್ರೊಜೆಕ್ಟರಿನ ಡಬ್ಬಿಯೊಳಗೆ ಬಣ್ಣಕ್ಕೊಂದರಂತೆ ಮೂರು ಇರುತ್ತವೆ. ಅವುಗಳ ಗೆರೆಯನ್ನು ಎರಡು ಪುಟ್ಟ ಕನ್ನಡಿಗಳು ಕಣ್ಣಿಗೆ ನಿಲುಕದ ವೇಗದಲ್ಲಿ ಅಲ್ಲಾಡಿಸಿ ಚಿತ್ರ ಬರೆಯುತ್ತವೆ.

"ಇದು ಆರ್ನೂರೈವತ್ತು, ಒಂದು ವ್ಯಾಟು. ಇದು ಆರ್ನೂರ ಮೂವತ್ತೆಂಟು, ಮುಕ್ಕಾಲು ವ್ಯಾಟಿಗಿಂತ ಕಡಿಮಿ. ನಿಮಗ ಇದು ಬೇಕು," ಎಂದು ಕಡಿಮೆಯದನ್ನು ನಮ್ಮತ್ತ ದೂಡಿದ. "ರೇಟು ಇದಕ್ಕ ಸ್ವಲ್ಪ ಹೆಚ್ಚು."

ಅಣ್ಣ ನಕ್ಕ. "ಕಡಿಮಿ ವ್ಯಾಟಿಗೆ ಹೆಚ್ಚು ರೇಟೇನ್ರಿ? ನಾವು ಸಿರುಗುಪ್ಪದಿಂದ ಬಂದೀವಂತ ಮಾರಿ ನೋಡಿ ಗೊತ್ತಾತೇನು?"

"ಸಿರುಗುಪ್ಪದವರಿಗೆ ಮೋಸ ಮಾಡಿದ್ರ ಸುಗ್ಗಿ ಮುಗಿಯೂತನಕ ಅಂಗಡಿ ಮುಂದ ಕೂಡ್ತಾರ ಅಣ್ಣಾ. ನನಗದು ಬ್ಯಾಡ."

ಅವನು ಹೇಳಿದ ಅಂಕಿಗಳು ಬೆಳಕಿನ ಅಲೆಯ ಉದ್ದ. ಕಣ್ಣು ಎಲ್ಲ ಬಣ್ಣವನ್ನೂ ಒಂದೇ ಸಮನಾಗಿ ಕಾಣುವುದಿಲ್ಲ. ಹಸಿರನ್ನು ಚೆನ್ನಾಗಿ ಕಾಣುತ್ತದೆ, ಕೆಂಪಿನ ಕಡೆಗೆ ಹೋದಷ್ಟೂ ಮಂಕಾಗಿ ಕಾಣುತ್ತದೆ. ಆರುನೂರೈವತ್ತರ ಕೆಂಪಿಗಿಂತ ಆರುನೂರ ಮೂವತ್ತೆಂಟರ ಕೆಂಪು, ಶಕ್ತಿ ಒಂದೇ ಇದ್ದರೂ, ಕಣ್ಣಿಗೆ ಸುಮಾರು ಎರಡು ಪಟ್ಟು ಬೆಳಗುತ್ತದೆ. ಬೆಟ್ಟದಂತೆ ಏರಿ ಇಳಿಯುವ ಆ ನಕ್ಷೆಯನ್ನು ಡಿಗ್ರಿಯಲ್ಲಿ ಪರೀಕ್ಷೆಗೆಂದು ಎಷ್ಟೋ ಸಲ ಬರೆದಿದ್ದೆ. ಅಂದರೆ ಅವನು ಹೇಳಿದ್ದು ಪುಸ್ತಕಕ್ಕೆ ಸರಿಯಾಗಿತ್ತು. ಅದೇ ನನಗೆ ಹಿಡಿಸಲಿಲ್ಲ. ಮಾರುವವನ ಮಾತು ಪುಸ್ತಕಕ್ಕೆ ಇಷ್ಟು ಸರಿಯಾಗಿ ಯಾಕೆ ಹೊಂದಬೇಕು? ಪುಸ್ತಕದಲ್ಲಿ ಇದ್ದದ್ದು ಸ್ಟಿಕರಿನೊಳಗೂ ಇದೆ ಅಂತ ಯಾರು ಹೇಳಿದರು?

ಚೀಲದಿಂದ ನನ್ನ ಮಲ್ಟಿಮೀಟರ್ ತೆಗೆದೆ. ಶಾಲೆಯಿಂದ ತಂದ ಕಪ್ಪು ಡ್ರಾಯಿಂಗ್ ಶೀಟನ್ನು ಎದುರಿನ ಗೋಡೆಗೆ ಅಂಟಿಸಿದೆ. ಹೊಳೆಯುವ ಗೋಡೆಯಿಂದ ಬೆಳಕು ಕಣ್ಣಿಗೆ ಚಿಮ್ಮಬಾರದು, ಅದಕ್ಕೆ. ಎರಡೂ ಪೀಸನ್ನು ಒಂದೇ ಕರೆಂಟಿನಿಂದ ಹಚ್ಚಿಸಿದೆ. ಪರದೆ ಸರಿಸಿ ಅದರ ಹಿಂದೆ ಏನಿದೆ ನೋಡಿದೆ. ಒಂದು ಕಸಬರಿಗೆ ಇತ್ತು. ಆಮೇಲೆ ಅಣ್ಣನನ್ನು ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿ, ಎರಡೂ ಪೀಸಿನ ಮೇಲೆ ಮೂತಿಯಷ್ಟೇ ಬಿಟ್ಟು ಕರವಸ್ತ್ರ ಹೊದಿಸಿ, ಎಡ ಬಲ ಅದಲು ಬದಲು ಮಾಡಿ ಕರೆದೆ.

"ಯಾವುದು ಜೋರೈತಿ ಹೇಳು."

"ಎಡಕಿಂದು."

ಮತ್ತೆ ತಿರುಗಿಸಿ ನಿಲ್ಲಿಸಿದೆ. "ಈಗ?"

"ಬಲಕಿಂದು."

ನಾಲ್ಕು ಸಲವೂ ಅವನು ಆರುನೂರ ಮೂವತ್ತೆಂಟನ್ನೇ ತೋರಿಸಿದ. ಅದರ ಚುಕ್ಕೆ ಚೂಪಾಗಿಯೂ ಇತ್ತು, ಇನ್ನೊಂದರದು ಹಬೆ ಹಿಡಿದಂತೆ ಹರಡಿತ್ತು. ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸಲು ಬರುತ್ತದೆಯೋ, ಬರೇ ಹತ್ತಿ ಆರುವ ಜಾತಿಯದೋ ಎಂದೂ ನೋಡಿದೆ. ಮಾಲೀಕ ಕೈಕಟ್ಟಿ ನಿಂತು ನೋಡುತ್ತಿದ್ದ.

"ಮೇಡಮ್, ಸೊಸಿ ನೋಡಾಕ ಬಂದವರೂ ಇಷ್ಟು ತಿರುಗಿಸಿ ಮುರುಗಿಸಿ ನೋಡಂಗಿಲ್ಲ."

"ಸೊಸಿ ಮ್ಯಾಲ ಸ್ಟಿಕರ್ ಇರಂಗಿಲ್ಲಲ್ರಿ," ಅಂದೆ.

ಕೊನೆಗೆ ರಸೀದಿ ಬರೆಯುವಾಗ ಅವನು ಪೆನ್ನು ನಿಲ್ಲಿಸಿದ. "ಒಂದು ಮಾತು. ಕೆಂಪು ಭಾಳ ನಾಜೂಕು. ಹಸರು ನೀಲಿ ಬಿಸಿ ತಡಕೊಂತಾವ, ಇದು ತಡಕೊಳ್ಳಂಗಿಲ್ಲ. ಡಬ್ಬಿಗೆ ಗಾಳಿ ಆಡ್ಬೇಕು."

ನನಗೆ ಗೊತ್ತಾಯಿತು, ಅಥವಾ ಗೊತ್ತಾಯಿತು ಅಂದುಕೊಂಡೆ. ನಾಳೆ ಇದು ಕೆಟ್ಟರೆ, ವಾಪಸ್ಸು ತಂದರೆ, ನೀವೇ ಬಿಸಿ ಮಾಡಿದ್ದೀರಿ ಅನ್ನಲು ಇವತ್ತೇ ನೆವ ಕಟ್ಟುತ್ತಿದ್ದಾನೆ. "ಅದನ್ನ ರಸೀದಿ ಹಿಂದ ಬರದು ಸಹಿ ಹಾಕ್ರಿ," ಅಂದೆ. ಮಾತು ಬದಲಿಸಲು ಅವನಿಗೆ ದಾರಿ ಇರಬಾರದು ಎಂಬುದಷ್ಟೇ ನನ್ನ ಲೆಕ್ಕ. ಅವನು ನಗುತ್ತ ಬರೆದುಕೊಟ್ಟ. ನಾನು ಮಡಚಿ ಪರ್ಸಿನೊಳಗೆ ಇಟ್ಟೆ.

ಮರುದಿನ ಭಾನುವಾರ ಸಿರುಗುಪ್ಪದಲ್ಲಿ ಅಣ್ಣ ಅದನ್ನು ಕೂರಿಸಿದ. ಪರೀಕ್ಷೆಗೆ ಕತ್ತಲೆ ಬೇಕಿತ್ತು. ಅಪ್ಪ ದುಡಿದ ರೈಸ್ ಮಿಲ್ಲಿನ ಹಳೆಯ ಗೋದಾಮು ಈಗ ಖಾಲಿ ಬಿದ್ದಿದೆ. ಮಿಲ್ಲಿನವರು ಅಣ್ಣನಿಗೆ ಬೀಗದ ಕೈ ಕೊಡುತ್ತಾರೆ. ಬಾಗಿಲು ಎಳೆದರೆ ನಡು ಮಧ್ಯಾಹ್ನವೂ ಕಗ್ಗತ್ತಲೆ. ತಗಡಿನ ಮಾಡು, ಒಳಗೆ ಒಲೆಯ ಕಾವು. ಗಾಳಿಯಲ್ಲಿ ಹೊಟ್ಟಿನ ಧೂಳು ಎಷ್ಟಿತ್ತೆಂದರೆ ಮೂರೂ ಬಣ್ಣದ ಗೆರೆಗಳು ಎಳೆದ ದಾರದಂತೆ ಎದ್ದು ಕಂಡವು. ಹೊಗೆಯ ಮಿಷನ್ನೇ ಬೇಕಾಗಲಿಲ್ಲ.

ಡಬ್ಬಿ ತನ್ನ ಗವಸು ತೊಟ್ಟುಕೊಂಡೇ ಸ್ಟೂಲಿನ ಮೇಲೆ ಕೂತಿತ್ತು. ಅಣ್ಣನ ಸಾಮಾನಿಗೆಲ್ಲ ಅವ್ವ ಹೊಲಿದ ಜೀನ್ಸ್ ಗವಸುಗಳಿವೆ. ಯೂನಿಟ್ಟಿನಿಂದ ಬರುವಾಗ ಅವಳು ಚೀಲಗಟ್ಟಲೆ ತುಂಡು ಬಟ್ಟೆ ತಂದಿದ್ದಳು. ಆಂಪ್ಲಿಫೈಯರಿಗೆ, ಮೈಕಿನ ಪೆಟ್ಟಿಗೆಗೆ, ಲೇಸರಿಗೆ, ಎಲ್ಲಕ್ಕೂ ಅಳತೆ ತೆಗೆದು ದಪ್ಪ ಹಳದಿ ದಾರದಲ್ಲಿ ಜೋಡಿ ಹೊಲಿಗೆ ಹಾಕಿದ್ದಳು. ಬೆಳಕು ಹೊರಬರಲು ಒಂದು ಕಿಂಡಿ, ವೈರಿಗೆ ಒಂದು ತೂತು. ಹೊಟ್ಟಿನ ಧೂಳಿನ ಊರಿನಲ್ಲಿ ಗವಸು ತೆಗೆಯಬಾರದು ಎಂಬುದು ಅಣ್ಣನ ಕಟ್ಟುನಿಟ್ಟು.

ಎದುರಿನ ಗೋಡೆಯ ಮೇಲೆ ಮದುಮಗಳು ಮೂಡಿದಳು. ಹಣೆಯಲ್ಲಿ ಕುಂಕುಮ ಕೆಂಡದಂತೆ ನಿಂತಿತು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾವಿಬ್ಬರೂ ಖಾಲಿ ಚೀಲದ ಮೇಲೆ ಕೂತೆವು. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. ಇಪ್ಪತ್ತಕ್ಕೆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು. ನನ್ನ ಕಣ್ಣು ದಣಿದಿರಬೇಕು ಅಂದುಕೊಂಡು ತಿಕ್ಕಿಕೊಂಡೆ. ಇಪ್ಪತ್ತೈದಕ್ಕೆ ಬೊಟ್ಟು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹಸಿರು ಮುಖ ಹಾಗೇ ನಗುತ್ತಿತ್ತು.

ಅಣ್ಣ ಎದ್ದು ಸ್ವಿಚ್ಚು ಆರಿಸಿದ. "ಮೋಸ ಆತಲ್ಲ ತಂಗಿ," ಅಂದ.

"ಆಗಿಲ್ಲ, ಅವ ಮಾಡ್ಯಾನ. ಕಟ್ಟಿ ಕೊಡೂವಾಗ ಪೀಸು ಬದಲಿ ಮಾಡ್ಯಾನ."

"ನೀ ಅಷ್ಟು ನೋಡಿದ್ಯಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

ಸೋಮವಾರ ಶಾಲೆ ಬಿಟ್ಟವಳೇ ಆ ಪೀಸನ್ನು ಚೀಲದಲ್ಲಿಟ್ಟುಕೊಂಡು ಗಲ್ಲಿಯ ಅಂಗಡಿ ಹತ್ತಿದೆ. ಮೆಟ್ಟಿಲಲ್ಲೇ ಮಾತು ಜೋಡಿಸಿಕೊಂಡಿದ್ದೆ. ಮಾಲೀಕ ಪೂರ್ತಿ ಕೇಳಿದ. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಬರದಿದ್ದದ್ದೂ ನನಗೆ ಅನುಮಾನವೇ.

"ಡಬ್ಬಿ ತಂದೀರೇನು?" ಅಂದ.

"ಡಬ್ಬಿ ಯಾಕ್ರಿ? ಕೆಟ್ಟಿರೂದು ಇದು."

"ಹಂಗಾದ್ರ ಇದನ್ನ ಹಚ್ಚೂನು. ಎಷ್ಟು ಹೊತ್ತು ಬೇಕು ನಿಮಗ?"

"ಒಂದು ತಾಸು."

ಪೀಸನ್ನು ಮೇಜಿನ ಮೇಲೆ ಒಂದು ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು ಹಚ್ಚಿದ. ಕಪ್ಪು ಶೀಟಿನ ಮೇಲೆ ಚುಕ್ಕೆ ಬಿತ್ತು. ಅರ್ಧ ತಾಸಾದರೂ ಕದಲಲಿಲ್ಲ.

"ಎ.ಸಿ. ಬಂದ್ ಮಾಡ್ರಿ," ಅಂದೆ.

ಬಂದ್ ಮಾಡಿದ. ಕಿಟಕಿ ತೆರೆದ. ಬಳ್ಳಾರಿಯ ಬೇಸಿಗೆ ಒಳಗೆ ಬಂತು. ನಾವಿಬ್ಬರೂ ಬೆವರು ಒರೆಸಿಕೊಳ್ಳುತ್ತ ಒಂದು ಕೆಂಪು ಚುಕ್ಕೆಯನ್ನು ಕಾವಲು ಕಾಯ್ದೆವು. ಅವನು ಚಹಾ ತರಿಸಿದ. ನಾನು ಮೊದಲು ಬೇಡ ಅಂದೆ, ಆಮೇಲೆ ಕುಡಿದೆ. ಒಂದು ತಾಸಿಗೆ ಚುಕ್ಕೆ ಮೊದಲಿನಷ್ಟೇ ಕೆಂಪಗಿತ್ತು.

"ಮೇಡಮ್, ರಸೀದಿ ಹಿಂದ ನೀವ ಬರಿಸ್ಕೊಂಡೀರಿ. ಒಂದ್ಸಲ ಓದ್ರಿ."

ಅವನೆದುರು ಓದಲು ನನ್ನ ಮಾನ ಒಪ್ಪಲಿಲ್ಲ. ಪೀಸು ಎತ್ತಿಕೊಂಡು ಮೆಟ್ಟಿಲಿಳಿದೆ.

ಮರುದಿನ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ. ಆ ದಾರಿಯಲ್ಲಿ ನನ್ನ ತಲೆಯೊಳಗೆ ಓಡಿದ್ದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಅಂಗಡಿಯವನು ತಪ್ಪಿತಸ್ಥನಲ್ಲ ಎಂದಾದ ಮೇಲೆ ಅನುಮಾನ ಸುಮ್ಮನೆ ಕೂರಲಿಲ್ಲ, ಬೇರೆ ಮನೆ ಹುಡುಕಿತು. ಅಣ್ಣ ವೈರು ತಪ್ಪು ಕೊಟ್ಟಿರಬಹುದೇ? ಗೊತ್ತಿಲ್ಲದೆಯೋ, ಗೊತ್ತಿದ್ದೋ? ಅವನ ಪುಸ್ತಕದ ಚೀಲ ನನ್ನ ಹೆಗಲಿಗೆ ಬಂದ ದಿನ ಅವನ ವಯಸ್ಸು ಹನ್ನೆರಡು. ಓದಿದವಳೂ ತಪ್ಪುತ್ತಾಳೆ ಎಂದು ಒಮ್ಮೆ ನೋಡಬೇಕು ಅನ್ನಿಸಿರಬಹುದೇ ಅವನಿಗೆ? ತೆಕ್ಕಲಕೋಟೆ ದಾಟುವವರೆಗೆ ಈ ಯೋಚನೆಯನ್ನು ಬಿಡದೆ ಜಗಿದೆ. ಕಂಡಕ್ಟರಿಗೆ ಚಿಲ್ಲರೆ ಕೊಡಲು ಪರ್ಸು ತೆರೆದಾಗ ರಸೀದಿ ಕೈಗೆ ಬಂತು. ಬಿಚ್ಚಿ ಓದಿದೆ. "ಕೆಂಪು ಬಿಸಿ ತಡೆಯಲ್ಲ. ಡಬ್ಬಿಗೆ ಗಾಳಿ ಆಡಬೇಕು." ಕೆಳಗೆ ಸಹಿ.

ಪೀಸಿನೊಳಗೆ ಬೆಳಕು ಹೊರಡಿಸುವ ಡಯೋಡು ಬಿಸಿಯಾದರೆ ಕಡಿಮೆ ಬೆಳಕು ಕೊಡುತ್ತದೆ, ತಣಿದರೆ ಸುಧಾರಿಸುತ್ತದೆ, ಕೆಂಪಿನದು ಎಲ್ಲಕ್ಕಿಂತ ಬೇಗ ಸೋಲುತ್ತದೆ. ಇದನ್ನು ನಾನು ಓದಿದ್ದೆ. ಓದಿದ್ದು ಇನ್ನೊಬ್ಬನ ಬಾಯಿಂದ ಬಂದಾಗ ನೆವ ಅನ್ನಿಸಿತ್ತು. ಗಾಳಿ ಎಂಬ ಪದದ ಮೇಲೆ ಬೆರಳಿಟ್ಟುಕೊಂಡೇ ಸಿರುಗುಪ್ಪದಲ್ಲಿ ಇಳಿದೆ.

ಅವ್ವ ಬಾಗಿಲ ಬೆಳಕಿಗೆ ಮಿಷನ್ ಹಾಕಿಕೊಂಡು ಕೂತಿದ್ದಳು. ಅಣ್ಣ ಒಳಗೆ ವೈರು ಸುತ್ತುತ್ತಿದ್ದ. ಗೋಡೆಯುದ್ದಕ್ಕೂ ಸಾಮಾನುಗಳು ಒಂದೇ ಶಾಲೆಯ ಮಕ್ಕಳಂತೆ ನೀಲಿ ಸಮವಸ್ತ್ರ ತೊಟ್ಟು ನಿಂತಿದ್ದವು. ನಾನು ಚಪ್ಪಲಿ ಬಿಟ್ಟವಳೇ ಲೇಸರಿನ ಡಬ್ಬಿಯ ಗವಸನ್ನು ಮೇಲೆತ್ತಿದೆ. ಹಿಂಬದಿಯಲ್ಲಿ ಫ್ಯಾನು ಇರುವ ಕಡೆ ಗವಸಿನ ಒಳಗೆ ಇನ್ನೊಂದು ಪದರ ಹೊಲಿದಿತ್ತು, ಜೀನ್ಸಿನ ಜೇಬಿನಂತೆ. ಜೇಬಿನಲ್ಲಿ ಹೊಟ್ಟಿನ ಧೂಳು ದಿನದಿಂದ ದಿನಕ್ಕೆ ಕೂಡಿ ಕಂಬಳಿಯ ಹಾಗೆ ದಪ್ಪಗಟ್ಟಿ, ಫ್ಯಾನಿನ ಗಾಳಿಗೆ ದಾರಿಯೇ ಇರಲಿಲ್ಲ.

"ಇದನ್ನ ಯಾವಾಗ ಹೊಲಿದೀ ಅವ್ವಾ?"

"ಹೋದ ಸುಗ್ಗ್ಯಾಗ. ಫ್ಯಾನಿನೊಳಗ ಹೊಟ್ಟು ಹೋಕ್ಕೈತಿ, ಎರಡು ಫ್ಯಾನು ಸುಟ್ಟಾವ ಅಂತ ನಿಮ್ಮಣ್ಣ ಅತ್ತ. ಅದಕ್ಕ ಜೇಬು ಇಟ್ಟೆ. ಯಾಕ, ಹೊಲಿಗಿ ಬಿಚ್ಚೈತೇನು?"

"ಇಲ್ಲವ್ವಾ. ಹೊಲಿಗಿ ಭಾಳ ಗಟ್ಟಿ ಐತಿ."

ಅಣ್ಣ ವೈರು ಬಿಟ್ಟು ಎದ್ದು ಬಂದ. ಜೇಬನ್ನು ನೋಡಿದ, ನನ್ನ ಮುಖ ನೋಡಿದ. ನನ್ನ ಚೀಲದಲ್ಲಿದ್ದ ಪೀಸನ್ನು ಮತ್ತೆ ಡಬ್ಬಿಗೆ ಕೂರಿಸಿದ. ಮೂವರೂ ಗೋದಾಮಿಗೆ ಹೋದೆವು. ಮೊದಲು ಗವಸು ಹಾಕಿಯೇ ಹಚ್ಚಿದೆವು. ಇಪ್ಪತ್ತು ನಿಮಿಷಕ್ಕೆ ಬೊಟ್ಟು ಕಂದಿತು. ಡಬ್ಬಿಯ ಮೇಲೆ ಅಂಗೈ ಇಟ್ಟೆ, ಹಂಚಿನಂತೆ ಸುಡುತ್ತಿತ್ತು. ಗವಸು ಕಿತ್ತು ತೆಗೆದೆ. ಫ್ಯಾನು ಉಸಿರು ಬಿಟ್ಟಿತು. ಐದಾರು ನಿಮಿಷದಲ್ಲಿ ಹಣೆಯ ಮೇಲೆ ಕೆಂಪು ಕಂಡೂ ಕಾಣದಂತೆ ಮೂಡಿ, ಮೆಲ್ಲಗೆ ತುಂಬಿಕೊಂಡಿತು. ಅದಾದ ಮೇಲೆ ಒಂದು ತಾಸು ಕೂತರೂ ಹೋಗಲಿಲ್ಲ.

"ಅಂದ್ರ ನನ್ನ ಜೇಬು ಇಷ್ಟು ಮಾಡಿತೇನು?" ಅಂದಳು ಅವ್ವ. ದನಿಯಲ್ಲಿ ನೋವಿತ್ತೋ ತಮಾಷೆಯಿತ್ತೋ ಕತ್ತಲಲ್ಲಿ ಗೊತ್ತಾಗಲಿಲ್ಲ.

ಅಣ್ಣ ಮನೆಗೆ ಬಂದದ್ದೇ ಡ್ರಾಯರಿನಿಂದ ಹಳೆಯ ಪೀಸು ಹುಡುಕಿ ತೆಗೆದ. ಮೇಜಿನ ಮೇಲಿಟ್ಟು ಕರೆಂಟು ಕೊಟ್ಟ. ಸುಣ್ಣದ ಗೋಡೆಯ ಮೇಲೆ ಅದು ತೆಪ್ಪಗೆ ಕೆಂಪಗೆ ಬೆಳಗಿತು, ತಾನು ಯಾವಾಗ ಸತ್ತೆ ಎಂದು ಕೇಳುವ ಹಾಗೆ.

ಪರದೆ ಸರಿಸಿ ಕಸಬರಿಗೆಯನ್ನೂ ಅನುಮಾನಿಸಿದವಳು ಹಳೆಯದನ್ನು ಒಮ್ಮೆ ಹಚ್ಚಿ ನೋಡಿರಲಿಲ್ಲ.

"ನಾ ಇದನ್ನ ಮೊದ್ಲ ನೋಡಬೇಕಿತ್ತು," ಅಂದೆ.

"ಸತ್ತೈತಿ ಅಂತ ನಾನ ಅಂದೆ," ಅಂದ ಅಣ್ಣ. "ನೀ ನನ್ನ ಮಾತು ನಂಬಿದಿ. ಅದರಾಗ ನಿಂದೇನು ತಪ್ಪು?"

ಬಸ್ಸಿನಲ್ಲಿ ಅವನ ಬಗ್ಗೆ ಜಗಿದದ್ದನ್ನು ನಾನು ಅವನಿಗೆ ಹೇಳಲಿಲ್ಲ. ಇದನ್ನು ಅವನು ಓದಿದರೆ ಗೊತ್ತಾಗುತ್ತದೆ. ಓದುತ್ತಾನೆ ಕೂಡ, ನಿಧಾನ ಓದುತ್ತಾನೆ.

ಅವ್ವ ಬ್ಲೇಡು ತಂದು ಜೇಬಿನ ಹೊಲಿಗೆ ಬಿಚ್ಚತೊಡಗಿದ್ದಳು. "ಲೇ, ಇಲ್ಲಿ ಬಾ. ಗಾಳಿ ಎಲ್ಲಿಂದ ಒಳಗ ಬರ್ತೈತಿ, ಎಲ್ಲಿಂದ ಹೊರಗ ಹೋಕ್ಕೈತಿ, ಬಳಪ ತಗೊಂಡು ಗುರ್ತು ಹಾಕು. ಹಂಗ ಹೊಲಿತೀನಿ."

ನೀಲಿ ಬಟ್ಟೆಯ ಮೇಲೆ ಬಿಳಿ ಬಳಪದಲ್ಲಿ ಬಾಣದ ಗುರುತು ಹಾಕಿದೆ. ತಂಪು ಗಾಳಿ ಕೆಳಗಿನಿಂದ, ಬಿಸಿ ಗಾಳಿ ಹಿಂದಿನಿಂದ. ಬಿಸಿಯಾದ ಗಾಳಿ ಹಗುರಾಗುತ್ತದೆ, ಮೇಲೇಳುತ್ತದೆ ಎಂದು ಹೇಳಿಕೊಟ್ಟೆ. "ಒಲಿ ಮುಂದ ಕುಂತಾಕಿಗೆ ಹೇಳ್ತಿಯಲ್ಲ," ಅಂದಳು. ಆದರೂ ಪೂರ್ತಿ ಕೇಳಿದಳು. ಮೂರು ವರ್ಷ ನನಗಾಗಿ ಮಿಷನ್ ತುಳಿದವಳಿಗೆ ನಾನು ಓದಿದ್ದರಲ್ಲಿ ಒಂದು ಪಾಠ ಹೇಳಿದ್ದು ಅವತ್ತೇ ಮೊದಲು. ಅವಳು ಎರಡು ಮಗ್ಗುಲಿನ ಕೆಳಭಾಗಕ್ಕೆ ಸೊಳ್ಳೆಪರದೆಯ ಜಾಲರಿ ಇಟ್ಟು, ಹಿಂದಕ್ಕೆ ಒಂದು ಮಡಿಕೆ ಬಿಟ್ಟು, ಅದನ್ನು ಸುತ್ತಿ ಮೇಲೆ ಕಟ್ಟಲು ಜೀನ್ಸಿನ ಹಿತ್ತಾಳೆ ಗುಂಡಿ ಹಾಕಿದಳು. ಶೋ ನಡೆಯುವಾಗ ಮಡಿಕೆ ಮೇಲೆ, ಮುಗಿದ ಮೇಲೆ ಕೆಳಗೆ.

ಅಂಗಡಿಯವನಿಗೆ ನಾನೇ ಹೋಗಿ ತಪ್ಪಾಯಿತು ಅಂದೆ. "ಆ ರಸೀದಿಗೆ ಕಟ್ಟು ಹಾಕಿಸಿ ಗೋಡಿಗೆ ಹಾಕ್ರಿ ಮೇಡಮ್," ಅಂದ. ಅಷ್ಟಕ್ಕೆ ಬಿಟ್ಟ.

ಕುರುಗೋಡಿನ ಕಲ್ಯಾಣಮಂಟಪದಲ್ಲಿ ಸಂಜೆ ಏಳಕ್ಕೆ ಆರತಕ್ಷತೆ. ಹೊಸ ಪೀಸೇ ಇರಲಿ ಎಂದು ಅಣ್ಣ ಅದನ್ನೇ ಹಾಕಿದ್ದ. ಅದರ ಬೆಳಕು ನಿಜಕ್ಕೂ ಹಳೆಯದಕ್ಕಿಂತ ಚೂಪಾಗಿತ್ತು. ಮಂಟಪದೊಳಗೆ ಜನ, ಅಡುಗೆಯ ಬಿಸಿ, ಪೆಟ್ಟಿಗೆಯೊಳಗಿನಂಥ ಸೆಕೆ. ನಾನು ಶಾಲೆಯ ಥರ್ಮಾಮೀಟರನ್ನು ಡಬ್ಬಿಯ ಮಗ್ಗುಲಿಗೆ ತೂಗುಹಾಕಿ ಅದರ ಪಕ್ಕದಲ್ಲೇ ನಿಂತೆ. ಮಡಿಕೆಯ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡಿದೆ.

ಹುಡುಗಿಯ ಅಜ್ಜಿ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಕೋಲು. ವೇದಿಕೆಯ ಮೇಲಿದ್ದ ಮೊಮ್ಮಗಳ ಕಡೆ ಅವಳು ನೋಡಲೇ ಇಲ್ಲ. ಪರದೆಯ ಮದುಮಗಳ ಹಣೆಯನ್ನು, ಬಿಟ್ಟ ಕಣ್ಣು ಬಿಟ್ಟ ಹಾಗೆ, ನೋಡುತ್ತ ಕೂತಳು. ಯಾರೋ ಊಟಕ್ಕೆ ಕರೆದರು, ಕೋಲಿನಿಂದ ಬೇಡ ಅಂದಳು. ಯಾರೋ ಕಾಲಿಗೆ ಬಿದ್ದರು, ಪರದೆಯಿಂದ ಕಣ್ಣು ಕೀಳದೆ ತಲೆಯ ಮೇಲೆ ಕೈ ಇಟ್ಟಳು. ನಾನು ಅವಳನ್ನೂ ಥರ್ಮಾಮೀಟರನ್ನೂ ಬಿಟ್ಟರೆ ಬೇರೇನೂ ನೋಡಲಿಲ್ಲ. ನಮ್ಮಿಬ್ಬರಷ್ಟು ಅನುಮಾನ ಆ ಮಂಟಪದಲ್ಲಿ ಮತ್ತಾರಿಗೂ ಇರಲಿಲ್ಲ.

ಅರ್ಧ ತಾಸು ಕಳೆಯಿತು. ಮುಕ್ಕಾಲಾಯಿತು. ಕುಂಕುಮ ಇಟ್ಟ ಹಾಗೇ ಇತ್ತು. ಒಂದು ತಾಸಿಗೆ ಅಣ್ಣ ನನ್ನ ಕಡೆ ತಲೆ ಆಡಿಸಿ ಎಲ್ಲವನ್ನೂ ಬಂದ್ ಮಾಡಿದ. ಪರದೆ ಬಿಳಿಯಾಯಿತು.

ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ಹೋತಲ್ಲ ಮತ್ತ?"

ಅಣ್ಣ ಓಡಿಹೋಗಿ ಬಗ್ಗಿ ನಿಂತ. "ಹೋಗಿಲ್ಲ ಬೇ ಅಜ್ಜಿ. ಶೋ ಮುಗೀತು, ನಾವ ಬಂದ್ ಮಾಡಿದ್ವಿ."

"ನೀವ ಬಂದ್ ಮಾಡಿದ್ರೋ, ಅದ ಹೋತೋ, ನನಗ ಹೆಂಗ ಗೊತ್ತಾಗಬೇಕು? ಎಲ್ಲೈತಿ ನಿಮ್ಮ ಓದಿದ ತಂಗಿ?"

ನಾನು ಮುಂದೆ ಬಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನನಗೆ ಕೆಟ್ಟದೆನ್ನಿಸಲಿಲ್ಲ. ನಾನಾಗಿದ್ದರೂ ಹಾಗೇ ನೋಡುತ್ತಿದ್ದೆ.

"ಮತ್ತೊಮ್ಮಿ ಹಚ್ಚವ್ವ," ಅಂದಳು. "ನಾ ಎದ್ದು ಹೊರಗ ಹೋಗೂತನಕ ಇರಲಿ."

ಅಣ್ಣ ಹಚ್ಚಿದ. ಹಸಿರು ಮುಖ, ನೀಲಿ ಸೆರಗು, ಹಣೆಯಲ್ಲಿ ಕೆಂಪು. ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದಳು. ಎರಡು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ನೋಡುತ್ತ, ಬಾಗಿಲಿನಲ್ಲಿ ಇನ್ನೊಮ್ಮೆ ತಿರುಗಿ ನೋಡಿ, ಊಟದ ಮನೆಯ ಕಡೆ ಹೋದಳು. ಅವಳ ಕೋಲಿನ ಸದ್ದು ಕೇಳದಂತಾದ ಮೇಲೂ ನಾನು ಅಣ್ಣನಿಗೆ ಬಂದ್ ಮಾಡಗೊಡಲಿಲ್ಲ. ಅವಳು ಮತ್ತೆ ಬಂದು ಇಣುಕಿದರೆ?